ಗುರುಪಾದ ಮತ್ತು ತರಿಸದ ಪಾರ್ಸಲ್

ಕೇಳ್ರಿ, ನಗೋದಿದ್ರ ಸಾವಕಾಶ ನಗ್ರಿ, ಯಾಕಂದ್ರ ಹುಡುಗ ಒಳ್ಳೆಯಾಂವ. ಗುಳೇದಗುಡ್ಡದ ದ್ಯಾಮವ್ವಗ ಗುರುಪಾದ ಒಬ್ಬನೇ ಮಗ. ಹೇಳಿದ್ದೆಲ್ಲಾ ಮಾಡಾಂವ, ಹೇಳಿದ್ದಷ್ಟ ಮಾಡಾಂವ. ತೀರಿಹೋದ ಗಂಡ ಬರೆದಿಟ್ಟ ಕುಪ್ಪಸದ ಖಣದ ನಮೂನಿ ಎಲ್ಲಾ ಮನ್ಯಾಗಿನ ಕಂಪ್ಯೂಟರ್‌ದಾಗ ಇದ್ವು. ಅವನ್ನ ನೋಡಿ ಮಗ್ಗ ಹೊಡದ್ರನ ದ್ಯಾಮವ್ವನ ಒಲಿ ಉರೀತಿತ್ತು.

ಒಂದಿನ ಮೇಲ್ ಬಂತು: "ಪ್ರಿಯ ಗ್ರಾಹಕರೇ, ನಿಮ್ಮ ಪಾರ್ಸಲ್ ತಡೆಹಿಡಿಯಲಾಗಿದೆ. ಫೈಲ್ ತೆರೆಯಿರಿ." ತೆರೆಯಿರಿ ಅಂದಾರಲ್ಲ, ಗುರುಪಾದ ತೆರೆದ. ಒಳಗ ವೈರಸ್ ಇತ್ತು. ಅರ್ಧ ನಮೂನಿ ಹಾಳಾದ್ವು.

ದ್ಯಾಮವ್ವ ಹಣಿ ಬಡ್ಕೊಂಡ್ಲು. "ಹುಚ್ಚಪ್ಪಾ, ನಾವೇನರ ತರಿಸಿದ್ವೇನು? ಅದರಾಗ ನಮ್ಮ ಹೆಸರರ ಇತ್ತೇನು? ತರಿಸದ್ದು ಬಂದ್ರ ಒಳಗ ಬಿಡಬಾರದು."

"ಹೂನವ್ವ."

ಮುಂದಿನ ವಾರ ಬಾದಾಮಿಯಿಂದ ಸೋದರಮಾವ ಬಂದ, ಹೆಗಲ ಮ್ಯಾಲೆ ಜ್ವಾಳದ ಚೀಲ. ಗುರುಪಾದ ಬಾಗಲಕ್ಕ ಅಡ್ಡ ನಿಂತ. "ಮಾವಾ, ನಿನ್ನ ನಾವು ತರಿಸಿಲ್ಲ," ಅಂದ. ಚೀಲ ತಾನ ಹೊತ್ತು, ಮಾವನ್ನ ವಾಪಸ್ ಬಸ್ ಹತ್ತಿಸಿ ಬಂದ.

"ಅಂವ ನನ್ನ ಒಡಹುಟ್ಟಿದಾಂವ ಅಲ್ಲೇನೋ? ಬಾಗಲಿಗೆ ಬಂದವರಿಗೆ ಮೊದಲು ತಂಬಿಗಿ ನೀರು ಕೊಡಬೇಕು."

"ಹೂನವ್ವ."

ಮತ್ತೊಂದು ಮೇಲ್ ಬಂತು: "ಪ್ರಿಯ ಗ್ರಾಹಕರೇ, ನಿಮ್ಮ ಪಾರ್ಸಲ್ ಬಾಗಿಲಿಗೆ ಬಂದಿದೆ. ಫೈಲ್ ತೆರೆಯಿರಿ." ಬಾಗಲಿಗೆ ಬಂದೈತಿ ಅಂದ ಮ್ಯಾಲೆ ಮುಗೀತಲ್ಲ. ತಂಬಿಗಿ ತುಂಬ ನೀರು ತಂದು ಕಂಪ್ಯೂಟರ್ ಮ್ಯಾಲೆ ಬಗ್ಗಿಸಾಕ ಹತ್ತಿದ್ದ. ದ್ಯಾಮವ್ವ ಓಡಿ ಬಂದು ಕೈ ಹಿಡಿದ್ಲು.

"ನಿಮ್ಮಪ್ಪಂದು ಉಳಿದದ್ದ ಇಷ್ಟೋ ಯಪ್ಪಾ," ಅಂತ ಅತ್ತಬಿಟ್ಲು. "ಇಂಥಾ ಮೇಲ್ ಬಂದ್ರ ನಾ ಹೇಳೋತನಕ ಏನೂ ಮುಟ್ಟಬ್ಯಾಡ."

ಅವ್ವ ಅತ್ತದ್ದು ಅಂವಗ ಭಾಳ ನಟ್ಟಿತು.

ಸಿಟ್ಟಾದ ಅಣ್ಣನ್ನ ಸಮಾಧಾನ ಮಾಡಾಕ ದ್ಯಾಮವ್ವ ಬಾದಾಮಿಗೆ ಹೋದ್ಲು. ಅಕಿ ಹೊಂಟ ಹೊತ್ತಿಗೇ ಅಂಥಾದ್ದ ಇನ್ನೊಂದು ಮೇಲ್ ಬಂತು. ಸಂಜಿಗೆ ತಿರುಗಿ ಬಂದು ನೋಡ್ತಾಳ, ಗುರುಪಾದ ಎರಡೂ ಕೈ ಕಂಕುಳಾಗ ಇಟಗೊಂಡು ಕುಂತಾನ. ಮೇಲ್ ತೆರೆದಿಲ್ಲ, ಉಳಿದ ನಮೂನಿ ಎಲ್ಲಾ ಇದ್ದಂಗ ಅದಾವ. ಬುಟ್ಟ್ಯಾಗಿನ ರೊಟ್ಟಿನೂ ಇದ್ದಂಗ ಅದಾವ.

"ಉಣ್ಣಲಿಲ್ಲೇನೋ?"

"ಏನೂ ಮುಟ್ಟಬ್ಯಾಡ ಅಂದಿದ್ದಿಯಲ್ಲವ್ವ."

ದ್ಯಾಮವ್ವ ಬುಟ್ಟಿ ತಂದ್ಲು. ಮಗನ ಮಗ್ಗಲಕ್ಕ ಕುಂತು, ರೊಟ್ಟಿ ಮುರಿದು, ಪಲ್ಯ ಹಚ್ಚಿ, "ಬಾಯಿ ತೆಗಿ ನನ್ನಪ್ಪ," ಅಂದ್ಲು. ಅಂವ ತೆಗೆದ. ಅಕಿ ತುತ್ತು ಇಟ್ಲು.

ಗುರುಪಾದ ತುತ್ತು ಇಟಗೊಂಡು ಹಂಗ ಬಾಯಿ ತೆಗೆದು ಕುಂತ, ಮುಚ್ಚು ಅಂತ ಅವ್ವ ಯಾವಾಗ ಹೇಳ್ತಾಳೋ ಅಂತ.