ವೈದ್ಯನನ್ನು ಊಟಕ್ಕೆ ಕರೆಯದ ಊರು

"ಗುರುಗಳೇ, ನಮ್ಮ ಆಸ್ಪತ್ರೆಗೆ ಇನ್ನೇನು ಕಡಿಮೆಯಾಗಿದೆ?" ಎಂದು ಮಡಿವಾಳಯ್ಯ ಕೇಳಿದ.

ಮಠದ ಆಸ್ಪತ್ರೆ ನೋಡಿಕೊಳ್ಳುವ ಹೊಣೆ ಅವನದು. ಎರಡು ವರ್ಷದಲ್ಲಿ ಹತ್ತು ಹಾಸಿಗೆ ಇದ್ದದ್ದು ಮೂವತ್ತಾಗಿತ್ತು. ಔಷಧಿಯ ಕೋಣೆ ತುಂಬಿತ್ತು. ಬಿಸಿನೀರಿಗೆ ಸೋಲಾರ್ ಕೂಡ ಬಂದಿತ್ತು. ಆದರೆ ಕೆಲಸಕ್ಕೆ ಸೇರಿದವರು ನಿಲ್ಲುತ್ತಿರಲಿಲ್ಲ. ಆ ದಿನ ಬೆಳಿಗ್ಗೆ, ಐದು ವರ್ಷದಿಂದ ಇದ್ದ ನರ್ಸ್ ಸುಲೋಚನಾ ಕೂಡ ರಾಜೀನಾಮೆ ಕೊಟ್ಟು, ಅಂದೇ ಊರಿಗೆ ಹೊರಟು ನಿಂತಿದ್ದಳು. ಅವಳು ಹೋದರೆ ಹೆರಿಗೆ ವಾರ್ಡಿಗೆ ಬೀಗ ಹಾಕಬೇಕು.

"ಇನ್ನೂ ಏನು ಕೊಟ್ಟರೆ ಇವರು ನಿಲ್ಲುತ್ತಾರೆ? ನೀವೇ ಹೇಳಿ."

"ಕೂತುಕೊ," ಎಂದರು ಗುರುಗಳು. "ಒಂದು ಕತೆ ಇದೆ. ಸ್ವಲ್ಪ ಉದ್ದ. ಗಿಡ್ಡ ಕತೆ ನನಗೆ ಒಲಿಯುವುದಿಲ್ಲ, ಅದು ನಿನಗೂ ಗೊತ್ತು."

ಒಂದು ಊರಿನಲ್ಲಿ ಧರ್ಮದ ಚಿಕಿತ್ಸಾಲಯವಿತ್ತು. ಊರಿನವರೆಲ್ಲ ಸೇರಿ ಕಟ್ಟಿಸಿದ್ದು. ಅಲ್ಲಿಗೆ ದೂರದಿಂದ ಒಬ್ಬ ವೈದ್ಯ ಬಂದ. ಒಂಟಿ ಮನುಷ್ಯ. ಕೈಗುಣ ಒಳ್ಳೆಯದು.

ಯಾರ ಮನೆಯಿಂದ ಹೊರಟರೂ ನಾವು 'ಹೋಗುತ್ತೇನೆ' ಎನ್ನುವುದಿಲ್ಲ, 'ಬರುತ್ತೇನೆ' ಎನ್ನುತ್ತೇವೆ. ಆದರೆ ವೈದ್ಯನಿಗೆ ಹಾಗೆ ಹೇಳುವವರು ಯಾರು? ಹೇಳಿದರೆ ಮತ್ತೆ ಕಾಯಿಲೆ ಬೀಳುತ್ತೇನೆ ಎಂದಂತಲ್ಲವೇ? ಹಾಗಾಗಿ ಆ ಊರಿನ ಜನ ಔಷಧಿಯ ಪೊಟ್ಟಣ ತೆಗೆದುಕೊಂಡು, ಮಾತಿಲ್ಲದೆ, ಹಿಂದೆ ತಿರುಗದೆ ಹೋಗುತ್ತಿದ್ದರು. ಕಾಯಿಲೆ ಬಿದ್ದಾಗ ಹೊರತು ಅವನನ್ನು ಮನೆಗೂ ಕರೆಯುತ್ತಿರಲಿಲ್ಲ. ವೈದ್ಯ ಒಂದು ಮನೆಯ ಹೊಸ್ತಿಲು ದಾಟಿದರೆ ಬೀದಿಯೆಲ್ಲ ಬಂದು 'ಯಾರಿಗೇನಾಯಿತು?' ಎಂದು ಕೇಳುತ್ತಿತ್ತು. ಹಬ್ಬದ ಅಡುಗೆಯನ್ನೂ ಕಳಿಸುತ್ತಿರಲಿಲ್ಲ. ರೋಗಿಗಳಿರುವ ಕಡೆಯಿಂದ ಪಾತ್ರೆ ಮನೆಗೆ ವಾಪಸು ಬರಬಾರದು ಎಂಬ ಭಯ.

ಯಾರಿಗೂ ಅವನ ಮೇಲೆ ಸಿಟ್ಟಿರಲಿಲ್ಲ. ಎದುರು ಸಿಕ್ಕರೆ ಎರಡೂ ಕೈ ಎತ್ತಿ ಮುಗಿಯುತ್ತಿದ್ದರು. ಮುಗಿದು, ಪಕ್ಕಕ್ಕೆ ಸರಿಯುತ್ತಿದ್ದರು.

ಮೊದಲ ವರ್ಷ ವೈದ್ಯ ಇದನ್ನು ಕಂಡು ನಕ್ಕ. ಐದನೆಯ ವರ್ಷ ನಗುವುದು ನಿಂತಿತು. ಹನ್ನೊಂದನೆಯ ವರ್ಷದ ಹೊತ್ತಿಗೆ ಅವನಿಗೆ ಒಂದೇ ಆಸೆ ಉಳಿದಿತ್ತು. ಯಾರಾದರೂ ಒಮ್ಮೆ, ಕಾಯಿಲೆಯಿಲ್ಲದ ಮನೆಗೆ, ಸುಮ್ಮನೆ ಬಾ ಎಂದು ಕರೆಯಬೇಕು. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಕರೆಯಿರಿ ಎಂದು ಕೇಳಿ ಕರೆಸಿಕೊಂಡರೆ ಅದು ಕರೆಯೇ?

ಬದಲಿಗೆ ಅವನು ನಾಡಿ ನೋಡಲು ಹೆಚ್ಚು ಹೊತ್ತು ತೆಗೆದುಕೊಳ್ಳತೊಡಗಿದ. ಜನ 'ಎಷ್ಟು ನಿಗಾ ವಹಿಸುತ್ತಾನೆ' ಎಂದು ಹೊಗಳಿದರು. ಆಮೇಲೆ ವಾಸಿಯಾದವರಿಗೂ 'ಮೂರು ದಿನ ಬಿಟ್ಟು ಮತ್ತೆ ಬಾ' ಎನ್ನತೊಡಗಿದ. ಅವರೂ ಬಂದರು. ಸಾಲು ಬೆಳೆಯಿತು. ಊರಿನ ಹಿರಿಯರು ಸಾಲನ್ನು ನೋಡಿದರು. ಊರಿನಲ್ಲಿ ರೋಗ ಹೆಚ್ಚಾಗಿದೆ ಎಂದುಕೊಂಡು ಚಿಕಿತ್ಸಾಲಯಕ್ಕೆ ಇನ್ನೊಂದು ಅಂಕಣ ಸೇರಿಸಿದರು, ದೊಡ್ಡ ಜಗುಲಿ ಕಟ್ಟಿಸಿದರು, ಕಷಾಯಕ್ಕೆ ನಾಲ್ಕು ಹಂಡೆ ತರಿಸಿದರು. ಜಗುಲಿ ದೊಡ್ಡದಾದಷ್ಟೂ ಅದರ ಮೇಲೆ ಕೂರುವ ಜನವೂ ಹೆಚ್ಚಿತು. ವೈದ್ಯ ಸೊರಗಿದ.

ಒಬ್ಬ ರೈತನಿಗೆ ಕೆಮ್ಮು ಹೋಗಿ ತಿಂಗಳಾಗಿತ್ತು. ಆದರೂ ಬಂದು ಹೋಗುತ್ತಿದ್ದ. ಒಂದು ದಿನ ವೈದ್ಯ ಅವನ ಕೈ ಹಿಡಿದುಕೊಂಡೇ ಕೇಳಿದ, "ನಿಮ್ಮ ಎಮ್ಮೆ ಕರು ಹಾಕಿತಂತೆ?"

"ಹೂಂ ಸ್ವಾಮಿ, ಹೆಣ್ಣುಗರು. ಯಾಕೆ, ಎಮ್ಮೆಗೂ ಕಷಾಯ ಕುಡಿಸ್ತೀರಾ?"

"ಇಲ್ಲಪ್ಪ, ಸುಮ್ಮನೆ ಕೇಳಿದೆ. ಗಿಣ್ಣು ಚೆನ್ನಾಗಿ ಬಂತಾ?"

"ಭೇಷಾಗಿ ಬಂತು. ಬೀದಿಗೆಲ್ಲ ಹಂಚಿದ್ವಿ," ಎಂದ ರೈತ ಅಲ್ಲಿಗೇ ನಾಲಿಗೆ ಕಚ್ಚಿಕೊಂಡ.

ವೈದ್ಯ ಅವನ ಕೈ ಬಿಟ್ಟ. "ನಿನಗೇನೂ ಇಲ್ಲ. ನಾಳೆಯಿಂದ ಬರಬೇಡ," ಎಂದ.

ರೈತ ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಕೈಯಲ್ಲಿದ್ದ ಕೆಲಸ ಬಿಟ್ಟಳು.

"ಅಯ್ಯೋ, ಗಿಣ್ಣು ಇನ್ನೂ ಎರಡು ತುಂಡು ಇದೆ. ಈಗಲೇ ಹೋಗಿ ಕರ್ಕೊಂಡು ಬನ್ನಿ."

"ಕೂಸಿನ ತೊಟ್ಟಿಲ ಶಾಸ್ತ್ರಕ್ಕೆ ಇನ್ನು ಎಂಟು ದಿನ ಇದೆ ಕಣೇ. ಈಗ ವೈದ್ಯರು ಹೊಸ್ತಿಲು ದಾಟಿದರೆ ನಾಲ್ಕು ಜನ ಏನಂತಾರೆ? ಅದೊಂದು ಮುಗೀಲಿ."

"ಮೊನ್ನೆ ಕೂಸಿಗೆ ಜ್ವರ ಬಂದಾಗ ಉಟ್ಟ ಪಂಚೇಲಿ ಓಡಿಹೋಗಿ ಎಳ್ಕೊಂಡು ಬಂದ್ರಲ್ಲ, ಅವತ್ತು ಹೊಸ್ತಿಲು ಎಲ್ಲಿ ಹೋಗಿತ್ತು?"

ರೈತ ಎದ್ದು ಬಾಗಿಲವರೆಗೆ ಬಂದ. ಆದರೂ ಹೋಗಲಿಲ್ಲ. ಒಳ್ಳೆಯ ಮನುಷ್ಯನೇ. ಎಂಟು ದಿನ ತಾನೇ ಎಂದುಕೊಂಡ.

ಗಿಣ್ಣು ಹಳಸಿತು. ಶಾಸ್ತ್ರ ಮುಗಿಯಿತು. ಮರುದಿನ ಬೆಳಿಗ್ಗೆಯೇ ರೈತ ಮುತ್ತುಗದ ಎಲೆಯಲ್ಲಿ ನಾಲ್ಕು ಹೋಳಿಗೆ ಸುತ್ತಿಕೊಂಡು ಹೊರಟ. 'ಮಧ್ಯಾಹ್ನ ನಮ್ಮಲ್ಲೇ ಊಟಕ್ಕೆ ಬರಬೇಕು' ಎನ್ನುವ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡ. ಆ ಊರಿನಲ್ಲಿ ಯಾರೂ ವೈದ್ಯನಿಗೆ ಆಡಿದ ಮಾತಲ್ಲ ಅದು.

ಚಿಕಿತ್ಸಾಲಯದ ಬಾಗಿಲು ಹಾಕಿತ್ತು. ಜಗುಲಿಯ ಮೇಲೆ ಹಿರಿಯರು ಕೂತಿದ್ದರು. ವೈದ್ಯ ಹಿಂದಿನ ದಿನವೇ ಊರು ಬಿಟ್ಟಿದ್ದ. ಒಂದೊಂದು ಭರಣಿಗೂ ಹೆಸರಿನ ಚೀಟಿ ಕಟ್ಟಿ, ಯಾವುದು ಯಾವ ರೋಗಕ್ಕೆ ಎಂದು ಬರೆದು, ಬೀಗದ ಕೈ ಒಪ್ಪಿಸಿ ಹೋಗಿದ್ದ. ಹೋಗುವಾಗ ಒಬ್ಬೊಬ್ಬರಿಗೂ ಕೈ ಮುಗಿದನಂತೆ. 'ಬರುತ್ತೇನೆ' ಎನ್ನಲಿಲ್ಲವಂತೆ.

"ಅಂಕಣ ಕಟ್ಟಿಸಿದೆವು, ಜಗುಲಿ ಕಟ್ಟಿಸಿದೆವು, ಹಂಡೆ ಕೊಟ್ಟೆವು," ಎಂದರು ಹಿರಿಯರಲ್ಲಿ ಒಬ್ಬರು. "ಇವನಿಗೆ ಇನ್ನೇನು ಕಡಿಮೆಯಾಗಿತ್ತು ಮಹಾರಾಯನಿಗೆ?"

"ಮುಂದೆ ಬರುವವನಿಗೆ ಮೇಲೊಂದು ಮಹಡಿ ಏರಿಸೋಣ," ಎಂದರು ಇನ್ನೊಬ್ಬರು.

ರೈತ ಬಾಯಿ ತೆರೆದ. ಬಾಯಿಪಾಠ ಮಾಡಿದ ಮಾತು ಬಿಟ್ಟು ಬೇರೆ ಯಾವ ಮಾತೂ ಬರಲಿಲ್ಲ. ಅದನ್ನು ಹೇಳಬೇಕಾದವನು ಅಲ್ಲಿರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಮಡಿವಾಳಯ್ಯನಿಗೆ ತಡೆಯಲಾಗಲಿಲ್ಲ. "ಎಂಥ ಜನ ಗುರುಗಳೇ! ಹನ್ನೊಂದು ವರ್ಷದಲ್ಲಿ ಒಬ್ಬರಾದರೂ, ನಿನಗೇನು ಬೇಕಪ್ಪಾ ಅಂತ ಅವನನ್ನು ಒಂದು ಮಾತು ಕೇಳಬಾರದಿತ್ತೇ?"

ಗುರುಗಳು ಹೇಳಿದರು: "ಸುಲೋಚನಾಳ ಬಸ್ಸು ನಾಲ್ಕು ಗಂಟೆಗೆ, ಬೆಳಿಗ್ಗೆಯಿಂದ ನೀನು ಕೇಳುತ್ತಿರುವುದು ನನ್ನನ್ನು."