ನೆರಳೆಣಿಸಿ ಕಾಳು ಕೊಟ್ಟ ಹೆಗ್ಗಣ

ಮಕ್ಕಳೇ, ಒಂದು ಕುರುಚಲು ಕಾಡಿನ ಕೆರೆಯ ದಡದಲ್ಲಿ ಜಾಲಿಮರವೊಂದಿತ್ತು. ಅದರಲ್ಲಿ ಗೀಜಗ ಹಕ್ಕಿಗಳು ಗೂಡು ನೇಯುತ್ತಿದ್ದವು. ಪಕ್ಕದ ಹುಣಸೆಮರದ ಪೊಟರೆಯಲ್ಲಿ ಅಳಿಲಕ್ಕ ತನ್ನ ಮೂರು ಮರಿಗಳೊಡನೆ ವಾಸವಾಗಿದ್ದಳು. ಅದೇ ಮರದ ಬುಡದ ಬಿಲದಲ್ಲಿ ಹೆಗ್ಗಣಪ್ಪನಿದ್ದನು.

ಮಳೆಗಾಲದಲ್ಲಿ ಪೊಟರೆಯೊಳಗೆ ಕಾಳು ಮುಗ್ಗಿಹೋಗುತ್ತದೆ. ಆದುದರಿಂದ ಅಳಿಲಕ್ಕ ಬೇಸಿಗೆಯೆಲ್ಲ ಆಯ್ದು ತಂದ ನವಣೆಯನ್ನು ಹೆಗ್ಗಣಪ್ಪನ ಒಣ ಬಿಲದಲ್ಲಿ ಇರಿಸಿದ್ದಳು. ಜಡಿಮಳೆ ಹಿಡಿದರೆ ಮರಿಗಳಿಗೆ ಅದೇ ಆಧಾರ.

"ಹತ್ತು ಹಿಡಿ ಇಟ್ಟರೆ ಹನ್ನೊಂದು ಹಿಡಿ ಕೊಡುತ್ತೇನಕ್ಕಾ, ನಿಶ್ಚಿಂತೆಯಿಂದಿರು" ಎಂದಿದ್ದನು ಹೆಗ್ಗಣಪ್ಪ. ಆ ಹೆಚ್ಚಿನ ಹಿಡಿ ಎಲ್ಲಿಂದ ಬರುತ್ತದೆಂದು ಅಳಿಲಕ್ಕ ಕೇಳಲಿಲ್ಲ.

ಮುಂಗಾರು ಬಂದಿತು. ಗೀಜಗಗಳಲ್ಲಿ ಒಂದು ಪದ್ಧತಿಯುಂಟು. ಗಂಡು ಅರ್ಧ ಗೂಡು ನೇಯುತ್ತದೆ, ಹೆಣ್ಣು ಬಂದು ನೋಡುತ್ತದೆ. ಒಪ್ಪಿದರೆ ಗೂಡು ಪೂರ್ತಿಯಾಗುತ್ತದೆ, ಒಪ್ಪದಿದ್ದರೆ ಅದು ಹಾಗೆಯೇ ಜೋತಾಡುತ್ತದೆ. ಹೆಗ್ಗಣಪ್ಪ ಇದನ್ನರಿಯದೆ, ಗೂಡಿನ ಅಡವಿನ ಮೇಲೆ ಗೀಜಗಗಳಿಗೆ ಕಾಳು ಸಾಲ ಕೊಡತೊಡಗಿದನು. ತೀರಿಸದಿದ್ದರೆ ಗೂಡನ್ನು ಬೇರೆ ಹಕ್ಕಿಗಳಿಗೆ ಮಾರುವುದು ಅವನ ಲೆಕ್ಕ. ಬಿಸಿಲಿಗೆ ಕಣ್ಣು ಕೋರೈಸುತ್ತಿದ್ದುದರಿಂದ ಅವನು ತಲೆಯೆತ್ತಿದವನೇ ಅಲ್ಲ. ನೆಲದ ಮೇಲೆ ಬಿದ್ದ ಗೂಡಿನ ನೆರಳುಗಳನ್ನು ಎಣಿಸಿ, ಒಂದೊಂದಕ್ಕೂ ಗೋಡೆಯ ಮೇಲೆ ಒಂದೊಂದು ಗೆರೆ ಎಳೆಯುತ್ತಿದ್ದನು.

ಮೇಲಿನಿಂದ ಅಳಿಲಕ್ಕನಿಗೆ ಎಲ್ಲವೂ ಕಾಣುತ್ತಿತ್ತು.

"ಏನು ಗೀಜಗಣ್ಣಾ, ತಳವಿಲ್ಲದ ಗೂಡು ಎಂಟಾದವಲ್ಲ. ನಿನಗೆಷ್ಟು ಸಂಸಾರ?"

"ಸಂಸಾರ ಒಂದೂ ಇಲ್ಲವಕ್ಕಾ. ಗೂಡಿಗೊಂದು ಬೊಗಸೆ ಕಾಳು ಸಿಗುವಾಗ ಕೊಕ್ಕು ಸುಮ್ಮನಿರುತ್ತದೆಯೇ?"

ಅಳಿಲಕ್ಕ ಹೊಟ್ಟೆ ಹಿಡಿದು ನಕ್ಕಳು. ಕೊಡುವವನುಂಟು, ಕೊಳ್ಳುವವನುಂಟು, ತನಗೇನು ಎಂದುಕೊಂಡಳು.

ಒಂದು ಸಂಜೆ ಬಿರುಗಾಳಿ ಬೀಸಿತು. ಅರೆಗೂಡುಗಳು ಕಳಚಿ ಕೆರೆಗೆ ಬಿದ್ದವು. ಅವುಗಳನ್ನು ನೇಯ್ದವರು ಬೇರೆ ಕೆರೆಗೆ ಹಾರಿಹೋದರು. ಹೆಗ್ಗಣಪ್ಪ ಮರುದಿನ ಹೊರಗೆ ಬಂದು ಬರಿನೆಲವನ್ನು ನೋಡಿ ಬೆಪ್ಪಾಗಿ ನಿಂತನು. ಆಮೇಲೆ ಒಳಗೆ ಹೋಗಿ ಗೋಡೆಯ ಗೆರೆಗಳನ್ನೆಲ್ಲ ಕೆರೆದುಹಾಕಿ, "ಗೂಡಿನ ಸಾಲಗಳನ್ನೆಲ್ಲ ಅಳಿಸಿದ್ದೇನೆ" ಎಂದು ಸಾರಿದನು.

"ಎಂತಹ ದೊಡ್ಡ ಮನಸ್ಸು" ಎಂದು ಅಳಿಲಕ್ಕ ಕಾಡಿಗೆಲ್ಲ ಹೇಳಿಬಂದಳು.

ನಾಲ್ಕು ದಿನಗಳಲ್ಲಿ ಜಡಿಮಳೆ ಹಿಡಿಯಿತು. ಅಳಿಲಕ್ಕ ಬಿಲಕ್ಕಿಳಿದಳು.

"ನನ್ನ ನವಣೆ ಕೊಡಪ್ಪಾ, ಮರಿಗಳು ಹಸಿದಿವೆ."

"ಯಾವ ನವಣೆಯಕ್ಕಾ? ಅಳಿಸಿದೆನೆಂದು ಹೇಳಲಿಲ್ಲವೇ?"

"ನೀನು ಅಳಿಸಿದ್ದು ಗೋಡೆಯ ಗೆರೆಯನ್ನಲ್ಲವೇ?"

"ಗೆರೆ ನನ್ನದು, ಕಾಳು ನಿನ್ನದು. ಗೀಜಗಗಳಿಗೆ ಕೊಟ್ಟದ್ದು ನಿನ್ನ ನವಣೆಯನ್ನೇ."

ಅಳಿಲಕ್ಕ ಬಿಲದೊಳಗೆಲ್ಲ ಕಣ್ಣು ಹಾಯಿಸಿದಳು. ಹಿಂದಿನ ಮೂಲೆಯಲ್ಲಿ ಒಂದು ರಾಶಿ ಕಾಳು ಕಂಡಿತು.

"ಹಾಗಾದರೆ ಅದು?"

"ಅದು ನಿನ್ನ ನವಣೆ ಕಾದದ್ದಕ್ಕೆ ನಾನು ತೆಗೆದಿಟ್ಟ ಕೂಲಿ. ಅದನ್ನು ನಾನೆಂದೂ ಸಾಲಕ್ಕೆ ಹಚ್ಚುವುದಿಲ್ಲ" ಎಂದು ಹೆಗ್ಗಣಪ್ಪ ಸೌಮ್ಯವಾಗಿ ಹೇಳಿ, ಅದಕ್ಕೆ ಅಡ್ಡವಾಗಿ ಕುಳಿತನು.

ಎಂಟು ಗೂಡುಗಳನ್ನು ನೋಡಿ ಅಳಿಲಕ್ಕ ನಕ್ಕಿದ್ದಳು. ಅವು ನುಂಗಿದ್ದು ತನ್ನ ಮರಿಗಳ ಅನ್ನವನ್ನು.

ಅವಳು ಮರವೇರಿದಾಗ ಮೂರು ಮರಿಗಳೂ ಪೊಟರೆಯಿಂದ ಮೂತಿ ಹೊರಹಾಕಿದವು. "ಎಷ್ಟು ಕಾಳು ತಂದೆ, ಅಮ್ಮಾ?" ಎಂದು ಕಿರಿಯದು ಕೇಳಿತು. ಅಳಿಲಕ್ಕ ಅವುಗಳನ್ನು ಒಳಕ್ಕೆ ತಳ್ಳಿ, ಸುರಿಯುವ ಮಳೆಯಲ್ಲಿ ಕಾಳು ಹುಡುಕಲು, ಜಾರುವ ಕೊಂಬೆಯ ಮೇಲೆ ಕಾಲಿಟ್ಟಳು.

ನೀತಿ: ಸಾಲ ಅಳಿಸಿದವನನ್ನು ಹೊಗಳುವ ಮೊದಲು, ಅವನು ಕೊಟ್ಟದ್ದು ಯಾರ ಗಂಟೆಂದು ವಿಚಾರಿಸಬೇಕು.