ಬಾಗಿಲವಳ ಕಣ್ಣು

"ಬುದ್ಧಿ, ದಿನವನ್ನು ಸರಿಯಾಗಿ ಎರಡು ಪಾಲು ಮಾಡಿಕೊಂಡಿದ್ದೇನೆ. ಆದರೂ ಎರಡು ಕಡೆಯೂ ನಾನು ಇಲ್ಲ ಅನ್ನಿಸುತ್ತದೆ. ಯಾವುದನ್ನು ಬಿಡಲಿ?"

ನೀಲಾಂಬಿಕೆ ಸ್ವಾಮಿಗಳನ್ನು ಹೀಗೆ ಕೇಳಿದ್ದು ಮಠದ ಹಿಂದಿನ ಜಗಲಿಯಲ್ಲಿ, ಪ್ರಸಾದ ಮುಗಿದ ಮೇಲೆ. ಅವಳು ಯಾವ ಕಂಪನಿಯಲ್ಲೂ ನೌಕರಿಗೆ ಇರಲಿಲ್ಲ. ಕೇಳಿ ಬಂದವರಿಗೆ ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿಕೊಡುತ್ತಿದ್ದಳು. ಅದು ಬೆಳಗಿನ ಕೆಲಸ, ಹೊಟ್ಟೆಪಾಡಿನದು. ಮಧ್ಯಾಹ್ನದ ಮೇಲೆ ಮರದ ಅಚ್ಚು ಕೆತ್ತಿ ಬಟ್ಟೆಯ ಮೇಲೆ ಒತ್ತುತ್ತಿದ್ದಳು. ಅದು ಅವಳ ಇಷ್ಟದ ಕೆಲಸ. ಅವಳ ಪಕ್ಕದಲ್ಲಿ ಒಂದು ಬಟ್ಟೆಚೀಲ ಇತ್ತು. ಅದರ ಮೇಲೆ ಒಬ್ಬ ಹೆಂಗಸಿನ ಮುಖ ಅಚ್ಚಾಗಿತ್ತು. ಅದೂ ಅವಳದೇ ವಿನ್ಯಾಸ. ಒಂದು ಅಂಗಡಿಗಾಗಿ ಕಂಪ್ಯೂಟರಿನಲ್ಲಿ ಮಾಡಿದ್ದು.

ಸ್ವಾಮಿಗಳು ಆ ಚೀಲವನ್ನು ಒಮ್ಮೆ ನೋಡಿದರು. ಚೀಲದ ಮುಖ ಅವರ ಕಡೆಗೆ ಇತ್ತು. ಅವರು ತಮ್ಮ ಚಾಪೆಯನ್ನು ಕಂಬದ ಆಚೆಗೆ ಸರಿಸಿಕೊಂಡು ಕುಳಿತರು.

"ಪಾಲಿನ ಮಾತಾದರೆ ಪಂಚರನ್ನು ಕೇಳಬೇಕಿತ್ತು, ತಾಯಿ. ಮಠಕ್ಕೆ ಯಾಕೆ ಬಂದೆ?"

"ಪಂಚರು ಕಂಪ್ಯೂಟರು ಬಿಡು ಅಂದರೆ ಊಟಕ್ಕೇನು ಮಾಡಲಿ, ಬುದ್ಧಿ? ಇಲ್ಲಿ ಬಿಡು ಅಂದರೆ ಪ್ರಸಾದವಾದರೂ ಉಂಟು."

ಸ್ವಾಮಿಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ವಿನ್ಯಾಸಕನಿದ್ದ. ಅವನಿಗೂ ನಿನ್ನ ಹಾಗೆಯೇ ಯಜಮಾನನಿರಲಿಲ್ಲ. ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಎರಡರಿಂದ ಆರರವರೆಗೆ ಒಬ್ಬ ಮುದುಕಿಯ ಮನೆಯಲ್ಲಿ ತೊಗಲುಗೊಂಬೆ ಮಾಡುವುದನ್ನು ಕಲಿಯುತ್ತಿದ್ದ. ಅಲ್ಲಿ ನಾಲ್ಕು ಗಂಟೆ, ಇಲ್ಲಿ ನಾಲ್ಕು ಗಂಟೆ. ಹೊತ್ತು ತಪ್ಪದಿರಲು ಫೋನಿನಲ್ಲಿ ಗಂಟೆ ಇಟ್ಟುಕೊಂಡಿದ್ದ. ಗಂಟೆ ಹೊಡೆದರೆ ಎತ್ತಿದ ಉಳಿಯನ್ನೂ ಹಾಗೆಯೇ ಇಳಿಸಿ ಎದ್ದುಬಿಡುತ್ತಿದ್ದ.

"ಯಜಮಾನ ಕೂಗಿದ, ಹೋಗಪ್ಪಾ," ಎನ್ನುತ್ತಿದ್ದಳು ಮುದುಕಿ. "ಯಜಮಾನನೇ ಇಲ್ಲ ಅಂತಿದ್ದೆ."

ತೊಗಲುಗೊಂಬೆ ಎಂದರೆ ಏನು ಎಂದು ಇಲ್ಲಿಯೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಆಡಿನ ಚರ್ಮವನ್ನು ಕೆರೆದು ತೆಳ್ಳಗೆ ಮಾಡುತ್ತಾರೆ. ಗೊಂಬೆಯ ಆಕಾರಕ್ಕೆ ಕತ್ತರಿಸುತ್ತಾರೆ. ಬಣ್ಣ ಹಾಕುತ್ತಾರೆ. ಒಡವೆ ಇರಬೇಕಾದಲ್ಲಿ, ಸೀರೆಯ ಅಂಚು ಇರಬೇಕಾದಲ್ಲಿ ಉಳಿಯಿಂದ ತೂತು ಹೊಡೆಯುತ್ತಾರೆ. ಬಿಳಿ ಪರದೆಯ ಹಿಂದೆ ದೀಪವಿಟ್ಟು ಗೊಂಬೆಯನ್ನು ಆಡಿಸುತ್ತಾರೆ. ಮುಂದೆ ಕುಳಿತವರಿಗೆ ಕಾಣುವುದು ನೆರಳು. ತೂತು ಇದ್ದಲ್ಲಿ ಮಾತ್ರ ಬೆಳಕಿನ ಚುಕ್ಕೆ. ಹಾಗಾಗಿ ಗೊಂಬೆಯ ಕಣ್ಣು ಎಂದರೆ ಒಂದು ತೂತು, ಅಷ್ಟೇ. ಮುಖ ಪಕ್ಕಕ್ಕೆ ತಿರುಗಿರುವುದರಿಂದ ಕಣ್ಣು ಒಂದೇ.

ಆ ಮುದುಕಿಯ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಕಣ್ಣನ್ನು ಎಲ್ಲಕ್ಕಿಂತ ಕೊನೆಗೆ ತೆರೆಯಬೇಕು. ತೆರೆಯುವಾಗ ಗೊಂಬೆಯ ಹಿಂದೆ ದೀಪವಿರಬೇಕು. ಮಾಡಿದವನು ಎದುರಿಗೆ ಕುಳಿತಿರಬೇಕು. ಉಳಿಯ ಏಟು ಬಿದ್ದ ಕೂಡಲೇ ತೂತಿನಿಂದ ಬರುವ ಬೆಳಕು ಮೊದಲು ಅವನ ಮುಖದ ಮೇಲೆ ಬೀಳಬೇಕು. ಆಗ ಅವನು ಹೇಳಬೇಕು: "ನಾನೇ ನಿನ್ನನ್ನು ಮಾಡಿದವನು. ನೋಡಿದೆಯಲ್ಲ. ಇನ್ನು ಹುಡುಕಬೇಡ." ಯಾಕೆಂದರೆ ಕಣ್ಣು ತೆರೆದದ್ದು ಮೊದಲು ತನ್ನನ್ನು ಮಾಡಿದವರನ್ನು ಹುಡುಕುತ್ತದೆ ಎಂದು ಅವರು ನಂಬಿದ್ದರು.

ವಿನ್ಯಾಸಕ ಮಾಡುತ್ತಿದ್ದ ಗೊಂಬೆಯ ಹೆಸರು ಬಾಗಿಲವಳು. ಮುದುಕಿಯ ಆಟದಲ್ಲಿ ಮೊದಲು ಬರುವವಳು ಅವಳೇ. ಪರದೆಯ ಮೇಲೆ ಬಂದು "ಎಲ್ಲರೂ ಬಂದಿರಾ?" ಎಂದು ಕೇಳುತ್ತಾಳೆ. ಕುಳಿತವರು "ಬಂದೆವು" ಎನ್ನುತ್ತಾರೆ. ಅವಳು ಬಾಗಿಲು ತೆರೆದು ಪಕ್ಕಕ್ಕೆ ಸರಿಯುತ್ತಾಳೆ, ಆಟ ಶುರುವಾಗುತ್ತದೆ. ಅವಳು ಸರಿಯದೆ ಆಟವಿಲ್ಲ. ಹಳೆಯ ಬಾಗಿಲವಳನ್ನು ಇಲಿ ತಿಂದುಹಾಕಿತ್ತು. ಹೊಸದನ್ನು ಮಾಡಲು ಮುದುಕಿಯ ಕೈ ನಿಲ್ಲುತ್ತಿರಲಿಲ್ಲ. ಅವಳ ಕಣ್ಣೂ ದಿನದಿನಕ್ಕೆ ಮಂಜಾಗುತ್ತಿತ್ತು. ಇನ್ನು ಮೂರು ನಾಲ್ಕು ತಿಂಗಳು ಕಂಡರೆ ಹೆಚ್ಚು ಎಂದು ವೈದ್ಯರು ಹೇಳಿದ್ದರು.

ಮುದುಕಿಗೆ ಒಂದೇ ಆಸೆ ಇತ್ತು. ಅವಳು ಹುಟ್ಟಿದಂದಿನಿಂದ ಪರದೆಯ ಹಿಂದೆಯೇ ಕುಳಿತವಳು. ಗೊಂಬೆ ಆಡಿಸಿದ್ದಳು, ಹಾಡಿದ್ದಳು, ದೀಪಕ್ಕೆ ಎಣ್ಣೆ ಹಾಕಿದ್ದಳು. ಮುಂದೆ ಕುಳಿತು ಆಟ ನೋಡಿರಲಿಲ್ಲ. ಕಣ್ಣು ಹೋಗುವುದರೊಳಗೆ ಒಂದೇ ಒಂದು ಸಲ ಮುಂದೆ ಕುಳಿತು ನೋಡಬೇಕು. ವಿನ್ಯಾಸಕ ಹಿಂದೆ ಕುಳಿತು ಆಡಿಸಬೇಕು. ಅದಕ್ಕಾಗಿಯೇ ಅವಳು ಅವನಿಗೆ ಕಲಿಸಿದ್ದು.

ಗೊಂಬೆ ಮುಗಿಯುತ್ತಾ ಬಂತು. ಬಣ್ಣ ಆರಲೆಂದು ಅದನ್ನು ಅವನು ತನ್ನ ಮನೆಗೆ ತಂದು ಗೋಡೆಗೆ ತೂಗುಹಾಕಿದ. ಕಣ್ಣೊಂದು ಬಾಕಿ. ಬಣ್ಣ ಆರಿದ ಮೇಲೆ ಮುದುಕಿಯ ಮನೆಯಲ್ಲಿ ದೀಪದ ಮುಂದೆ ಕಣ್ಣು ತೆರೆಯುವುದು ಎಂದು ಗೊತ್ತಾಗಿತ್ತು.

ಅದರ ಹಿಂದಿನ ದಿನ ಬೆಳಿಗ್ಗೆ ಒಬ್ಬ ಚಹಾಪುಡಿ ವರ್ತಕನಿಗೆ ಪೊಟ್ಟಣದ ಮೇಲೆ ಹಾಕಲು ಒಂದು ಹೆಂಗಸಿನ ಮುಖ ಬೇಕಾಗಿತ್ತು. ವಿನ್ಯಾಸಕ ಹನ್ನೊಂದು ಮುಖ ಕಳಿಸಿದ್ದ. "ಎಲ್ಲಾ ಚೆನ್ನಾಗಿದೆ ಸಾರ್, ಆದರೆ ಯಾವುದಕ್ಕೂ ಜೀವ ಇಲ್ಲ," ಎಂದಿದ್ದ ವರ್ತಕ. "ಹನ್ನೆರಡರೊಳಗೆ ಜೀವ ಇರೋದು ಒಂದು ಕಳಿಸಿ. ಪ್ರೆಸ್ಸಿನವರು ಕಾಯ್ತಾ ಇದ್ದಾರೆ."

ಹನ್ನೆರಡಕ್ಕೆ ಕಾಲು ಗಂಟೆ ಇತ್ತು. ವಿನ್ಯಾಸಕ ಗೋಡೆಯ ಕಡೆ ನೋಡಿದ. ಬಾಗಿಲವಳ ಚಿತ್ರ ತೆಗೆದು ಕಂಪ್ಯೂಟರಿಗೆ ಹಾಕಿಕೊಂಡ. ಮುಖ ಚೆನ್ನಾಗಿತ್ತು, ಕಣ್ಣು ಇರಲಿಲ್ಲ. ಹಿಂದೆ ಒಂದು ಕನ್ನಡಕದ ಅಂಗಡಿಯ ಬೋರ್ಡಿಗೆ ಬರೆದ ಕಣ್ಣೊಂದು ಅವನಲ್ಲಿತ್ತು. ಅದನ್ನೇ ನಕಲು ಮಾಡಿ ಇಲ್ಲಿ ಅಂಟಿಸಿದ. ಕಂಪ್ಯೂಟರು ಅದನ್ನು ಮುಖಕ್ಕೆ ಹೊಂದಿಸಲು ಅರೆ ನಿಮಿಷ ತೆಗೆದುಕೊಂಡಿತು. ಅಷ್ಟರಲ್ಲಿ ಫೋನಿನ ಗಂಟೆ ಹೊಡೆಯಿತು. ಬೆಳಗಿನ ಪಾಲು ಮುಗಿಯಿತು ಎಂದು ಅವನು ಎದ್ದು ಕೈ ತೊಳೆಯಲು ಹೋದ. ಅವನು ಬರುವುದರೊಳಗೆ ಮುಖ ಸಿದ್ಧವಾಗಿತ್ತು. ನಿಂತುಕೊಂಡೇ, ಅದರ ಕಡೆ ನೋಡದೆ, ವರ್ತಕನಿಗೆ ಕಳಿಸಿದ.

ಇದರಲ್ಲಿ ತಪ್ಪೇನು ಎಂದು ನೀನು ಕೇಳಬಹುದು. ಕಣ್ಣು ಬರೆದದ್ದು ತಪ್ಪಲ್ಲ. ಕಂಪ್ಯೂಟರಿನಲ್ಲಿ ಬರೆದದ್ದೂ ತಪ್ಪಲ್ಲ. ಕಣ್ಣು ಬಂದ ಹೊತ್ತಿನಲ್ಲಿ ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಅಷ್ಟು ಮಾತ್ರ ನೆನಪಿಟ್ಟುಕೋ.

ಅವನು ತಿರುಗಿದಾಗ ಗೋಡೆಯ ಗೊಂಬೆ ಅಲುಗುತ್ತಿತ್ತು. ಫ್ಯಾನಿನ ಗಾಳಿ ಎಂದುಕೊಂಡ. ಬೀದಿಗೆ ಇಳಿದ ಮೇಲೆ ನೆನಪಾಯಿತು. ಬೆಳಗಿನಿಂದ ಕರೆಂಟು ಇರಲಿಲ್ಲ. ಕಂಪ್ಯೂಟರು ಬ್ಯಾಟರಿಯಲ್ಲಿ ನಡೆಯುತ್ತಿತ್ತು.

ಮರುದಿನ ಮಧ್ಯಾಹ್ನ ಮುದುಕಿಯ ಮನೆಯ ಕಿಟಕಿಗಳನ್ನು ಮುಚ್ಚಿ, ಪರದೆ ಕಟ್ಟಿ ದೀಪ ಹಚ್ಚಿದರು. ವಿನ್ಯಾಸಕ ಗೊಂಬೆಯನ್ನು ದೀಪದ ಮುಂದೆ ನಿಲ್ಲಿಸಿದ. ನೆರಳು ಪರದೆಯ ಮೇಲೆ ಬಿತ್ತು. ನೆರಳಿನ ಮುಖದಲ್ಲಿ ಬೆಳಕಿನ ಒಂದು ಚುಕ್ಕೆ ಇತ್ತು.

ಅವನು ಗೊಂಬೆಯ ಮುಖವನ್ನು ಹೆಬ್ಬೆರಳಿನಿಂದ ತಡವಿ ನೋಡಿದ. ಚರ್ಮ ಇಡಿಯಾಗಿತ್ತು. ತೂತು ಇರಲಿಲ್ಲ. ಪರದೆಯ ಮೇಲೆ ಚುಕ್ಕೆ ಹಾಗೆಯೇ ಇತ್ತು. ಅವನು ನೋಡುತ್ತಿದ್ದಂತೆ ಅದು ಕದಲಿತು. ಅವನ ಮುಖ ನೋಡಿತು, ಮುದುಕಿಯ ಮುಖ ನೋಡಿತು, ಬಾಗಿಲಿನ ಕಡೆ ಹೋಯಿತು.

"ಆಗಲೇ ತೆರೆದಿದ್ದೀಯಲ್ಲಪ್ಪಾ," ಎಂದಳು ಮುದುಕಿ.

"ಇಲ್ಲ ಅಜ್ಜಿ. ಉಳಿ ಇನ್ನೂ ನಿನ್ನ ಮಡಿಲಲ್ಲೇ ಇದೆ."

"ನನಗೆ ನಿನ್ನ ಮುಖ ಕಾಣಲ್ಲ. ಆ ಚುಕ್ಕೆ ಕಾಣ್ತಾ ಇದೆ. ತೆರೆದಾಗ ಎದುರಿಗೆ ಯಾರಿದ್ದರು?"

ಅವನು ನಡೆದದ್ದನ್ನು ಹೇಳಿದ. ಮುದುಕಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

"ಮುಚ್ಚೋಕೆ ಬರಲ್ವಾ, ಅಜ್ಜಿ?"

"ತೆರೆಯೋದು ನಮ್ಮ ಕಸುಬು. ಮುಚ್ಚೋದು ನಮಗೆ ಯಾರೂ ಹೇಳಿಕೊಟ್ಟಿಲ್ಲ."

ಆದರೂ ಅವನು ಉಳಿ ತೆಗೆದುಕೊಂಡ. ಕೂರಬೇಕಾದ ಜಾಗದಲ್ಲಿ ಕುಳಿತು, ಕಣ್ಣು ಇರಬೇಕಾದ ಜಾಗದಲ್ಲಿ ಏಟು ಹಾಕಿದ. ಬೆಳಕು ಅವನ ಮುಖದ ಮೇಲೆ ಬಿತ್ತು. "ನಾನೇ ನಿನ್ನನ್ನು ಮಾಡಿದವನು. ನೋಡಿದೆಯಲ್ಲ. ಇನ್ನು ಹುಡುಕಬೇಡ," ಎಂದ. ಪರದೆಯ ಮೇಲೆ ಈಗ ಎರಡು ಚುಕ್ಕೆಗಳಿದ್ದವು. ಒಂದು ನಿಂತಿತ್ತು. ಅದು ಅವನು ಉಳಿಯಿಂದ ತೆರೆದದ್ದು. ಇನ್ನೊಂದು ಅಲೆಯುತ್ತಲೇ ಇತ್ತು.

ಅವನು ಮನೆಗೆ ಹೋಗಿ ಕಂಪ್ಯೂಟರಿನಲ್ಲಿದ್ದ ಮುಖವನ್ನು ಅಳಿಸಿಹಾಕಿದ. ಅಷ್ಟು ಹೊತ್ತಿಗೆ ಅದು ಪೊಟ್ಟಣಗಳ ಮೇಲೆ ಬಂದಾಗಿತ್ತು. ವಾರದೊಳಗೆ ಗೋಡೆಗಳ ಮೇಲೆ, ಬಸ್ಸುಗಳ ಹಿಂದೆ, ಜನರ ಫೋನುಗಳಲ್ಲಿ ಬಂತು. ವರ್ತಕ ಸಂತೋಷದಿಂದ ಫೋನು ಮಾಡಿದ. "ಏನು ಕಣ್ಣು ಸಾರ್ ಅದು! ಎಲ್ಲಿ ನಿಂತರೂ ನಮ್ಮನ್ನೇ ಒಂದು ಸಲ ನೋಡಿ, ಅಲ್ಲ ಅಂದುಕೊಂಡು ಪಕ್ಕದವರನ್ನ ನೋಡಿದ ಹಾಗಿರುತ್ತೆ."

ಮುದುಕಿ ಆಟ ನಿಲ್ಲಿಸಲಿಲ್ಲ. ಅವಳಿಗೆ ಕಾಯಲು ದಿನಗಳಿರಲಿಲ್ಲ. ಆಟದ ದಿನ ಊರಿನವರು ಬಂದು ಕುಳಿತರು. ಅವಳು ಎಲ್ಲರಿಗಿಂತ ಮುಂದೆ, ಪರದೆಗೆ ಮೂರು ಮಾರು ದೂರದಲ್ಲಿ ಕುಳಿತಳು. ವಿನ್ಯಾಸಕ ಹಿಂದೆ ಕುಳಿತು ಬಾಗಿಲವಳನ್ನು ಎತ್ತಿದ.

"ಎಲ್ಲರೂ ಬಂದಿರಾ?" ಎಂದ.

"ಬಂದೆವು," ಎಂದರು ಜನ.

ಅವನು ಗೊಂಬೆಯನ್ನು ಪಕ್ಕಕ್ಕೆ ಸರಿಸಲು ಅದಕ್ಕೆ ಕಟ್ಟಿದ ಕೋಲನ್ನು ಎಳೆದ. ಕೋಲು ಗೊಂಬೆಯ ಸಮೇತ ಕೈಗೆ ಬಂತು. ನೆರಳು ಪರದೆಯ ಮೇಲೆಯೇ ನಿಂತಿತು. "ಎಲ್ಲರೂ ಬಂದಿರಾ?" ಎಂದು ಇನ್ನೊಂದು ಸಲ ಕೇಳಿಸಿತು. ಅವನ ಬಾಯಿ ಮುಚ್ಚಿತ್ತು.

ಜನ ನಕ್ಕು ಮತ್ತೆ "ಬಂದೆವು" ಎಂದರು. ಮತ್ತೆ ಅದೇ ಪ್ರಶ್ನೆ. ಅಲೆಯುವ ಚುಕ್ಕೆ ಮೊದಲ ಸಾಲಿನ ಒಂದು ತುದಿಯಿಂದ ಶುರುಮಾಡಿ ಒಬ್ಬೊಬ್ಬರನ್ನೇ ನೋಡುತ್ತಾ ಬಂತು. ಕಣ್ಣು ಯಾರ ಮೇಲೆ ಬಿತ್ತೋ ಅವರು ನಗುವುದನ್ನು ನಿಲ್ಲಿಸಿದರು. ಕೊನೆಯ ಸಾಲು ಮುಗಿದ ಮೇಲೆ ಅದು ಮತ್ತೆ ಮೊದಲಿಗೆ ಬಂತು. ಜನ ಎದ್ದು ಹೋಗತೊಡಗಿದರು. ಯಾರೂ ಓಡಲಿಲ್ಲ. ಪರದೆಗೆ ಬೆನ್ನು ತಿರುಗಿಸಲು ಮನಸ್ಸಾಗದೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೋದರು.

ಮುದುಕಿಯೊಬ್ಬಳೇ ಉಳಿದಳು.

"ಬಂದಿದ್ದೀವಿ ಕಣವ್ವಾ," ಎಂದಳು. "ಇರೋರೆಲ್ಲ ಬಂದಿದ್ದೀವಿ. ಬಾಗಿಲು ತೆಗಿ. ನಾನು ನೋಡಬೇಕು."

"ಎಲ್ಲರೂ ಬಂದಿರಾ?" ಎಂದಿತು ನೆರಳು.

ದೀಪದ ಎಣ್ಣೆ ತೀರುವವರೆಗೂ ಮುದುಕಿ ಅಲ್ಲಿಯೇ ಕುಳಿತಿದ್ದಳು. ಆಟ ಶುರುವಾಗಲಿಲ್ಲ. ಆ ತಿಂಗಳೇ ಅವಳ ಕಣ್ಣು ಪೂರ್ತಿಯಾಗಿ ಹೋಯಿತು.

ಆಮೇಲೆ ವಿನ್ಯಾಸಕ ಬೆಳಗಿನ ಕೆಲಸವನ್ನೂ ಬಿಟ್ಟ, ಮಧ್ಯಾಹ್ನದ ಕೆಲಸವನ್ನೂ ಬಿಟ್ಟ. ಚಹಾಪುಡಿಯ ಜಾಹೀರಾತಿದ್ದ ಒಂದು ಗೋಡೆಯ ಮುಂದೆ ಹೋಗಿ ನಿಂತ. "ನಾನೇ ನಿನ್ನನ್ನು ಮಾಡಿದವನು. ಇನ್ನು ಹುಡುಕಬೇಡ," ಎಂದ. ಗೋಡೆಯ ಹೆಂಗಸು ಅವನನ್ನು ನೋಡಿದಳು. ಎಲ್ಲರನ್ನೂ ನೋಡುವ ಹಾಗೆಯೇ ನೋಡಿದಳು. ಗುರುತು ಹಿಡಿಯಲಿಲ್ಲ. ಅವನ ಹಿಂದೆ ಬಸ್ಸಿಗೆ ಕಾಯುತ್ತಿದ್ದವನ ಕಡೆ ಕಣ್ಣು ಹಾಯಿಸಿದಳು. ವಿನ್ಯಾಸಕ ಮುಂದಿನ ಗೋಡೆಗೆ ಹೋದ. ಅಂಗಡಿಯಿಂದ ಅಂಗಡಿಗೆ, ಪೊಟ್ಟಣದಿಂದ ಪೊಟ್ಟಣಕ್ಕೆ ಹೋದ. ಎಲ್ಲಾದರೂ ಒಂದು ಕಡೆ ಅವಳು ತನ್ನ ಗುರುತು ಹಿಡಿದರೆ ಮುದುಕಿಗೆ ಹೋಗಿ ಹೇಳಬಹುದು ಎಂದು ಅವನು ಇನ್ನೂ ತಿರುಗುತ್ತಿದ್ದಾನೆ. ಈಗ ಅವನ ಫೋನಿನಲ್ಲಿ ಯಾವ ಗಂಟೆಯೂ ಹೊಡೆಯುವುದಿಲ್ಲ.

ಕತೆ ಇಷ್ಟೇ.

ನೀಲಾಂಬಿಕೆಗೆ ತನ್ನ ಪ್ರಶ್ನೆಗೆ ಉತ್ತರ ಸಿಕ್ಕಂತೆ ಆಗಲಿಲ್ಲ. ಬೆಳಗಿನದನ್ನು ಬಿಡುವುದೋ ಮಧ್ಯಾಹ್ನದ್ದನ್ನೋ ಎಂದು ತಿಳಿಯಲು ಅವಳು ಬಂದಿದ್ದಳು. ಕತೆಯಲ್ಲಿ ಎರಡನ್ನೂ ಬಿಟ್ಟವನಿಗೂ ಬಿಡುಗಡೆ ಆಗಿರಲಿಲ್ಲ.

"ಹಾಗಾದರೆ ಅವನು ಯಾವ ಕೆಲಸ ಬಿಡಬೇಕಿತ್ತು, ಬುದ್ಧಿ?"

ಸ್ವಾಮಿಗಳು ಚೀಲದ ಕಡೆ ನೋಡಿದರು. ಅವರು ಕಂಬದ ಆಚೆ ಕುಳಿತಿದ್ದರು. ಚೀಲವನ್ನು ಯಾರೂ ಮುಟ್ಟಿರಲಿಲ್ಲ. ಅದರ ಮೇಲಿನ ಹೆಂಗಸಿನ ಮುಖ ಈಗ ಕಂಬದ ಆಚೆಗೆ, ಅವರ ಕಡೆಗೇ ತಿರುಗಿತ್ತು.

"ಇವಳಿಗೆ ಕಣ್ಣು ಬಂದಾಗ ಎದುರಿಗೆ ಯಾರಿದ್ದರು, ತಾಯಿ?" ಎಂದರು.